ಕ್ಲಚ್ ಮುಚ್ಚಳದ ಮೂರನೇ ಗೆರೆ

"ಈಗ ಕ್ಲಚ್ ಬಿಡ್ರಿ ಸಾಹೇಬ್ರ," ಅಂದಳು ಗಂಗಾಂಬಿಕಾ.

ಎಎಸ್ಐ ಪ್ರಮೋದ ಬೆರಳು ಸಡಿಲಿಸಿದ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ನೂರು ಸಿಸಿಯ ಹಳೇ ಬೈಕು ನ್ಯೂಟ್ರಲ್‌ನಲ್ಲಿ ಕಟಕಟ ಅನ್ನುತ್ತ ಓಡುತ್ತಿತ್ತು. ಗಂಗಾಂಬಿಕಾ ಮೊಣಕಾಲೂರಿ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬಲಗಡೆಯ ಕ್ಲಚ್ ಮುಚ್ಚಳಕ್ಕೆ ಒತ್ತಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡಿದ್ದಳು. ಕಣ್ಣು ಮುಚ್ಚಿತ್ತು.

"ಹಿಡೀರಿ."

ಹಿಡಿದ. ಒಳಗಿನಿಂದ ಕರ್ರನೆ ಒಂದು ಕೂಗು ಎದ್ದಿತು, ಕಲ್ಲಿನ ಮೇಲೆ ಕತ್ತಿ ಎಳೆದ ಹಾಗೆ.

"ಬಿಡ್ರಿ."

ಕೂಗು ನಿಂತಿತು. ಹಳೇ ಕಟಕಟ ಮಾತ್ರ ಉಳಿಯಿತು.

"ಸಾಕು, ಆಫ್ ಮಾಡ್ರಿ." ಗಂಗಾಂಬಿಕಾ ಎದ್ದು ನಿಂತು ಕೈ ಒರೆಸಿಕೊಂಡಳು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಉಸಿರಾಡಿದ ಹಾಗಾಯಿತು. "ನನ್ನ ಕಿವಿ ತಪ್ಪಿಲ್ಲ ಸಾಹೇಬ್ರ. ಈ ಎಂಜಿನ್ ಒಳಗ ಮತ್ತೊಬ್ಬರ ಕೈ ಆಡೈತಿ."

ಮಂಗಳವಾರ ಮಧ್ಯಾಹ್ನ ಸಿದ್ದಾಪುರದ ಕಡೆಯಿಂದ ಬರುತ್ತ, ಕಾನಸೂರಿನ ಹತ್ತಿರದ ಇಳಿಜಾರಿನಲ್ಲಿ ಇದೇ ಬೈಕಿನಿಂದ ಬಿದ್ದ ಹೆಗಡೆಕಟ್ಟಾದ ದಿನಕರ ಹೆಗಡೆಯವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೈಕಿನ ಕ್ಲಚ್ ಪ್ಲೇಟ್ ಎಂಟು ದಿನದ ಹಿಂದೆ ಬದಲಾದದ್ದು ಶಿರಸಿಯ ಈ ಗ್ಯಾರೇಜಿನಲ್ಲಿ. ಇವತ್ತು ಶುಕ್ರವಾರ. ನಾಲ್ಕು ಗಂಟೆಗೆ ವಾಹನ ತಪಾಸಣೆಯ ಅಧಿಕಾರಿ ಬರುತ್ತಾರೆ. ಅವರ ಕಾಗದದಲ್ಲಿ 'ರಿಪೇರಿಯ ದೋಷ' ಎಂಬ ಎರಡು ಪದ ಬಿದ್ದರೆ ಗಂಗಾಂಬಿಕಾಳ ಮೇಲೆ ಕೇಸು, ಬಾಗಿಲ ಮೇಲಿನ 'ಶಿವಲಿಂಗಪ್ಪ ಮೋಟಾರ್ ವರ್ಕ್ಸ್' ಬೋರ್ಡು ಕೆಳಗೆ.

ಆ ಬೋರ್ಡು ಅಂದರೆ ಏನು ಸಾಮಾನ್ಯವೇ? ಬನವಾಸಿಯಿಂದ ಒಂದು ಚೀಲ ಸ್ಪ್ಯಾನರ್ ಹೊತ್ತು ಬಂದ ಶಿವಲಿಂಗಪ್ಪ ಹುಬ್ಬಳ್ಳಿ ರಸ್ತೆಯಲ್ಲಿ ಮಾವಿನ ಮರದ ಕೆಳಗೆ ಕೂತು ಕಟ್ಟಿದ ಹೆಸರು ಅದು. ಮಗಳ ಕಣ್ಣಿಗೆ ಬಟ್ಟೆ ಕಟ್ಟಿ, ರಸ್ತೆಯಲ್ಲಿ ಹೋಗುವ ಗಾಡಿ ಯಾವ ಗೇರಿನಲ್ಲಿದೆ ಅಂತ ಕೇಳುತ್ತಿದ್ದ ಪುಣ್ಯಾತ್ಮ. ಅವನು ಹೋದ ಮೇಲೆ ಅವಳು ಸ್ಪ್ಯಾನರ್ ಹಿಡಿದಾಗ "ಹೆಂಗಸು ಬಿಚ್ಚಿದ ಗಾಡಿ ಘಟ್ಟ ಹತ್ತೀತೆ?" ಅಂತ ಹಲ್ಲು ಕಿರಿದವರೇ, ಈಗ ಹುಲೇಕಲ್‌ನಿಂದ ಬಂದು "ಬಿಚ್ಚೋದು ಬೇಡ ಗಂಗಕ್ಕ, ಬರೀ ಕೇಳಿ ಹೇಳು" ಅಂತ ಸಾಲಿನಲ್ಲಿ ನಿಲ್ಲುತ್ತಿದ್ದರು. ನಲವತ್ತಾರರ ಗಂಗಾಂಬಿಕಾಳಿಗೆ ಬಂಗಾರದ ಆಸೆ ಇರಲಿಲ್ಲ. ಈ ಒಂದು ಮಾತಿನ ಆಸೆ ಇತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಅದಕ್ಕೇ ಮಂಗಳವಾರದ ಆ ವಾಯ್ಸ್ ಮೆಸೇಜು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ಮತ್ತೊಮ್ಮೆ ಕೇಳ್ರಿ," ಅಂದು ಮೊಬೈಲು ಒತ್ತಿದಳು. ಬೆಳಿಗ್ಗೆ ಏಳು ಗಂಟೆಯ ದಿನಕರ ಹೆಗಡೆಯವರ ದನಿ, ಹಿಂದೆ ಬೈಕಿನ ಸದ್ದು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದ ಮನುಷ್ಯ, ಸದ್ದನ್ನೂ ಅಳತೆ ಮಾಡಿಯೇ ಹೇಳುವವರು.

"ಗಂಗಕ್ಕ, ಮನೆ ಎದುರು ನಿಂತು ಮಾತಾಡ್ತಾ ಇದ್ದೆ. ಕಟಕಟ ಹೇಳ್ತು, ಕೇಳಿತ? ಈಗ ಕ್ಲಚ್ ಹಿಡಿತೆ ನೋಡು. ಹಾಂ, ನಿಂತ್ಹೋತು. ಬಿಡ್ತೆ. ಮತ್ತೆ ಬಂತು. ಎಂತ ಇದು? ಸಿದ್ದಾಪುರಕ್ಕೆ ಹೋಗಿ ಬರೂದು ಇದ್ದು."

ಅದರ ಕೆಳಗೆ ಅವಳದೇ ಉತ್ತರ: ಕ್ಲಚ್ ಹೌಸಿಂಗ್ ಹಳೇದು, ಅದರ ಸಡಿಲ. ಹೆದರಬ್ಯಾಡ್ರಿ, ಹೋಗಿ ಬರ್ರಿ.

ಹೋಗಿ ಬರ್ರಿ ಅಂದಿದ್ದಳು. ಹೋದವರು ಬರಲಿಲ್ಲ. ಮೂರು ದಿನದಿಂದ ಅವಳು ಸರಿಯಾಗಿ ಉಣ್ಣದಿದ್ದದ್ದು ಕೇಸಿನ ಹೆದರಿಕೆಗಲ್ಲ, ಈ ಮಾತಿಗೆ.

"ಬೆಳಿಗ್ಗೆ ಹಿಡಿದ್ರ ಸದ್ದು ನಿಲ್ತಿತ್ತು," ಅಂದಳು. "ಈಗ ಹಿಡಿದ್ರ ಸದ್ದು ಹುಟ್ಟತೈತಿ. ಇವೆರಡೂ ಒಂದೇ ರೋಗ ಅಲ್ಲ. ಒಂದು ಮುದುಕರ ಕೆಮ್ಮು. ಇನ್ನೊಂದು ಯಾರೋ ಕುತ್ತಿಗಿ ಹಿಚುಕಿದ್ದು."

"ಬಿದ್ದಾಗ ಪೆಟ್ಟಾಗಿ ಹೀಗೆ ಆಗಿರಬಹುದಲ್ಲ?" ಪ್ರಮೋದ ಕೇಳಿದ. ಒಳ್ಳೆಯ ಹುಡುಗ, ಆದರೆ ಪೊಲೀಸ್. ಸಂಶಯ ಅವನ ಸಂಬಳದಲ್ಲೇ ಬಂದದ್ದು.

"ಬಿದ್ದದ್ದು ಎಡಕ್ಕ. ಕ್ಲಚ್ ಇರೋದು ಬಲಕ್ಕ. ಮುಚ್ಚಳಕ್ಕ ಒಂದು ಗೀರೂ ಇಲ್ಲ, ನೋಡ್ರಿ." ಅವಳು ಬ್ಯಾಟರಿ ಬೆಳಕು ಹಿಡಿದಳು. "ಗೀರಿಲ್ಲ, ಆದ್ರ ಬೋಲ್ಟಿನ ತಲಿ ನೋಡ್ರಿ."

ಎಂಟು ಬೋಲ್ಟುಗಳಲ್ಲಿ ಆರರ ತಲೆಯ ಮೂಲೆಗಳು ಜಜ್ಜಿ ಹೋಗಿದ್ದವು. ಇಕ್ಕಳದ ಹಲ್ಲು ಕಚ್ಚಿದ ಗುರುತು.

"ಗ್ಯಾರೇಜಿನವರು ಬೋಲ್ಟಿಗೆ ಪಕ್ಕಡ್ ಹಾಕೋದಿಲ್ಲ. ನಮ್ಮಪ್ಪ ಕಂಡಿದ್ರ ಅದೇ ಪಕ್ಕಡ್‌ನಾಗ ಕಿವಿ ಹಿಂಡತಿದ್ದ. ಇನ್ನ ಇದನ್ನ ನೋಡ್ರಿ." ಎಣ್ಣೆ ತುಂಬುವ ತೂತಿನ ಬಿರಡೆ ತಿರುಗಿಸಿ ತೆಗೆದಳು. ಅದರ ಸುತ್ತಿನ ಸಂದಿಯಲ್ಲಿ ಬೆರಳಾಡಿಸಿ, ಬೆರಳನ್ನು ಬಿಳಿ ಬಟ್ಟೆಗೆ ಒರೆಸಿದಳು. ಎಣ್ಣೆಯ ಕಪ್ಪಿನ ನಡುವೆ ನೀಲಿ ಪುಡಿ.

ಪ್ರಮೋದ ಬಗ್ಗಿದ. "ಮೈಲುತುತ್ತ."

ಶಿರಸಿಯ ಕಡೆಯವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲಕ್ಕೆ ಹತ್ತು ದಿನ ಉಳಿದಿತ್ತು. ಕೊಳೆರೋಗ ಬಾರದಿರಲೆಂದು ಅಡಿಕೆ ಕೊನೆಗಳಿಗೆ ಸುಣ್ಣ ಮೈಲುತುತ್ತದ ಮೊದಲ ಔಷಧ ಹೊಡೆಯುವ ಹೊತ್ತು. ತೋಟದ ಮನೆಗಳ ಕ್ಯಾನು, ಬಾಲ್ದಿ, ಕೊಳವೆ ಎಲ್ಲವೂ ಈಗ ನೀಲಿ.

"ಎಣ್ಣಿ ಸುರಿದದ್ದು ಔಷಧದ ಕ್ಯಾನಿಂದ," ಅಂದಳು ಗಂಗಾಂಬಿಕಾ. "ನನ್ನ ಗ್ಯಾರೇಜಿನಾಗ ಅಡಿಕಿ ಮರ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಕಾರು ನಿಂತಿತು.

ಇಳಿದವರು ಸಿದ್ದಾಪುರದ ಬಳಿಯ ಮನ್ಮನೆಯ ಮನೋಹರ ಹೆಗಡೆ, ದಿನಕರ ಹೆಗಡೆಯವರ ತಂಗಿಯ ಗಂಡ. ಮಂಗಳವಾರ ಭಾವ ಊಟ ಮಾಡಿದ್ದು ಇವರ ಮನೆಯಲ್ಲೇ. ಬೈಕು ಎರಡು ತಾಸು ಇವರ ಅಂಗಳದಲ್ಲೇ ನಿಂತಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು: ಮನೋಹರ ಹೆಗಡೆ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಗಡಿಯನ್ನು ಪಕ್ಕದವರ ಜಾಗದೊಳಕ್ಕೆ ಸರಿಸಿದ್ದಾರೆಂಬ ವ್ಯಾಜ್ಯ ಸಿದ್ದಾಪುರ ಕೋರ್ಟಿನಲ್ಲಿತ್ತು. ಆ ಗಡಿ ಅಳೆದವರು ದಿನಕರ ಹೆಗಡೆ. ಬರುವ ಸೋಮವಾರ ಅವರು ಸಾಕ್ಷಿ ಹೇಳಬೇಕಿತ್ತು, ಮತ್ತು ಸಂಬಂಧ ನೋಡಿ ಸರಪಳಿ ಎಳೆಯುವವರಲ್ಲ ಅವರು ಅಂತ ತಾಲೂಕಿಗೇ ಗೊತ್ತಿತ್ತು.

"ಇನ್ನೂ ಎಂತ ನೋಡ್ತಾ ಕೂತಿದ್ದೀರಿ ಪ್ರಮೋದ?" ಮನೋಹರ ಹೆಗಡೆ ನೇರ ಒಳಗೆ ಬಂದರು. "ನನ್ನ ಹೆಂಡತಿ ಮೂರು ದಿನದಿಂದ ಅಣ್ಣ ಅಣ್ಣ ಅಂತ ಅಳ್ತಾ ಇದ್ದಾಳೆ. ಇವಳು ತಪ್ಪು ಒಪ್ಪಿಕೊಂಡರೆ ಮುಗಿದುಹೋಯ್ತಪ್ಪ. ನೋಡು ಗಂಗವ್ವ, ನಿನ್ನ ಮೇಲೆ ದ್ವೇಷ ಇಲ್ಲ. ಮನುಷ್ಯರು ಅಂದಮೇಲೆ ತಪ್ಪಾಗ್ತದೆ."

"ಆಗತೈತಿ ಹೆಗಡೇರೆ. ಯಾರದು ಅಂತ ನೋಡಾಕತ್ತೀವಿ. ಮಂಗಳವಾರ ಬೈಕು ಹೆಂಗಿತ್ತು, ನಿಮಗೇನರ ಹೇಳಿದ್ರಾ ಅವರು?"

"ಹೇಳದೆ ಎಂತ? ಬೆಳಿಗ್ಗೆಯಿಂದಲೂ ಕ್ಲಚ್ ಹಿಡಿದರೆ ಸಾಕು ಕರ್ರ್ ಅಂತದೆ, ಗಂಗಕ್ಕ ಎಂತ ಮಾಡಿಟ್ಟಿದ್ದಾಳೋ ಅಂದಿದ್ದ."

ಗಂಗಾಂಬಿಕಾ ಪ್ರಮೋದನ ಮುಖ ನೋಡಿದಳು. ಮತ್ತೆ ಮೊಬೈಲು ಒತ್ತಿದಳು. *ಈಗ ಕ್ಲಚ್ ಹಿಡಿತೆ ನೋಡು. ಹಾಂ, ನಿಂತ್ಹೋತು.*

ಮನೋಹರ ಹೆಗಡೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಬಾಗಿಲಾಚೆ ಉಗುಳಿ ಬಂದರು. "ನಂಗೆ ಎಂಜಿನ್ ವಿಷಯ ಎಂತ ಗೊತ್ತು ಮಾರಾಯ್ತಿ. ಹಿಡಿದರೋ ಬಿಟ್ಟರೋ, ಎಂತದೋ ಒಂದು ಹೇಳಿದ್ದ."

"ಈ ಸದ್ದು ಕೇಳಿದ್ದು ಎರಡೇ ಕಡೆ ಸಾಧ್ಯ," ಅಂದಳು ಅವಳು. "ಒಂದು ಇಲ್ಲಿ, ಈಗ. ಇನ್ನೊಂದು ನಿಮ್ಮ ಅಂಗಳದಾಗ, ಮುಚ್ಚಳ ಹಾಕಿದ ಮ್ಯಾಲ." ನೀಲಿ ಹತ್ತಿದ ಬಟ್ಟೆಯನ್ನು ಸೀಟಿನ ಮೇಲೆ ಹರವಿದಳು. "ಇದೂ ಅಲ್ಲಿಂದೇ ಬಂದದ್ದು."

"ಮೈಲುತುತ್ತ ನಮ್ಮ ಕಡೆ ಯಾರ ಮನೇಲಿ ಇಲ್ಲ?" ಹೆಗಡೆಯವರ ದನಿ ಏರಿತು. "ಹೌದು, ಎಣ್ಣೆ ಕಡಿಮೆ ಇತ್ತು, ನಾನೇ ಹಾಕಿದೆ. ಭಾವನ ಗಾಡಿಗೆ ಎಣ್ಣೆ ಹಾಕೋದು ಅಪರಾಧವಾ? ಮುಚ್ಚಳ ಗಿಚ್ಚಳ ಯಾರೂ ಮುಟ್ಟಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅದನ್ನು ಎದುರಿಗೇ ನೋಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಗಂಗಾಂಬಿಕಾಳಿಗೆ ಸಿಕ್ಕಿತು, ಅವಳು ಅದನ್ನು ಬಿಡುವವಳೂ ಅಲ್ಲ.

"ಸಾಹೇಬ್ರ, ಮೊಬೈಲಿನಾಗ ವಿಡಿಯೋ ಹಚ್ಚ್ರಿ. ನಿಮ್ಮೆದುರಿಗೇ ಬಿಚ್ಚತೀನಿ. ಅದಕ್ಕೂ ಮೊದಲು ನನ್ನದೊಂದು ಹೇಳಿಕಿ ಬರಕೊಳ್ರಿ."

ಪ್ರಮೋದ ಪ್ಯಾಡು ತೆಗೆದ.

ಆಗ ಅವಳು ಮನೆತನದ ಒಂದು ಗುಟ್ಟು ಬಿಟ್ಟುಕೊಟ್ಟಳು. ಶಿವಲಿಂಗಪ್ಪ ಯಾವ ಎಂಜಿನ್ ಬಿಚ್ಚಿದರೂ ಮುಚ್ಚಳದ ಒಳಮೈಯ ಮೇಲಂಚಿನಲ್ಲಿ ಮೊಳೆಯಿಂದ ಎರಡು ಅಡ್ಡಗೆರೆ ಗೀರುತ್ತಿದ್ದ. ಕೆಲಸವೆಲ್ಲ ಮುಗಿದು, ನಟ್ಟು ಬಿಗಿದು, ನಟ್ಟಿನ ಅಡಿಯ ಲಾಕ್ ವಾಷರಿನ ತುದಿ ಮಡಚಿ, ಇನ್ನೇನು ಮುಚ್ಚಬೇಕು ಅನ್ನುವಾಗ ಮೂರನೆಯದು. ಹಣೆಯ ವಿಭೂತಿಯ ಹಾಗೆ ಮೂರು. ಮೂರನೇ ಗೆರೆ ಇಲ್ಲದ ಎಂಜಿನ್ ಮುಚ್ಚಬಾರದು, ಮುಚ್ಚಿದರೆ ಹೊರಗೆ ಬಿಡಬಾರದು. ಅಪ್ಪ ಗೀರಿದ, ಮಗಳು ಗೀರಿದಳು. ಬೇರೆ ಗ್ಯಾರೇಜಿನವರು ಕಂಡರೂ ಕಾರ್ಖಾನೆಯ ಗುರುತು ಅಂದುಕೊಂಡರು.

"ಹಿಂಗ ಬರೀರಿ. ಒಳಗ ನನ್ನ ಮೂರು ಗೆರಿ ಇದ್ದು, ಬ್ಯಾರೆ ಕೈ ಆಡಿದ ಗುರುತು ಇಲ್ಲದಿದ್ರ, ತಪ್ಪು ನನ್ನದು, ನಾನೇ ಬೋರ್ಡು ಇಳಸ್ತೀನಿ. ಬ್ಯಾರೆ ಕೈ ಆಡಿದ್ರ, ಆ ಕೈ ಯಾರದಂತ ಗೊತ್ತಾದ ಕೂಡ್ಲೆ ಹೆಸರು ಹಿಡಿದು ಹೇಳತೀನಿ. ಯಾರೇ ಇರಲಿ."

"ಯಾರೇ ಇರಲಿ," ಅಂತ ಬರೆದುಕೊಂಡ ಪ್ರಮೋದ. ಅವಳು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

ವಿಚಿತ್ರವೆಂದರೆ, ಹೊರಟುಹೋಗಬೇಕಿದ್ದ ಮನೋಹರ ಹೆಗಡೆ ಹೋಗಲಿಲ್ಲ. ಅವರ ಫೋನು ರಿಂಗಾಯಿತು. "ಈಗ ಇಡು, ಆನು ಆಮೇಲೆ ಮಾಡ್ತೆ," ಅಂದು ಕಿಸೆಗೆ ಹಾಕಿಕೊಂಡು, ಟೈರುಗಳ ರಾಶಿಯ ಪಕ್ಕದ ಕುರ್ಚಿ ಎಳೆದು ಕೂತರು. "ಬಿಚ್ಚು ಗಂಗವ್ವ. ಆರಾಮಾಗಿ ಬಿಚ್ಚು," ಅಂದರು. ದನಿಯಲ್ಲಿ ಹೆದರಿಕೆ ಹೋಗಿ ಬೇರೇನೋ ಬಂದಿತ್ತು.

ಅದು ಅವಳಿಗೆ ಹಿಡಿಸಲಿಲ್ಲ. ಆದರೂ ಕೈ ನಿಲ್ಲಲಿಲ್ಲ.

ಎಣ್ಣೆ ಇಳಿಸಿದಳು. ತಟ್ಟೆಯ ತಳದಲ್ಲಿ ನೀಲಿ ಹರಳು, ಜೊತೆಗೆ ಬೆಳ್ಳಿಯ ಹಾಗೆ ಹೊಳೆಯುವ ಅಲ್ಯೂಮಿನಿಯಂ ಪುಡಿ. ಬೋಲ್ಟು ಒಂದೊಂದೇ ಬಂದವು. ಮುಚ್ಚಳದ ಅಂಚಿಗೆ ಮರದ ಸುತ್ತಿಗೆಯಿಂದ ಎರಡು ಸಲ ತಟ್ಟಿದಳು. ಕಳಚಿಕೊಂಡಿತು. ಅದನ್ನು ಮಗುಚಿ ಪಕ್ಕಕ್ಕಿಟ್ಟು ಮೊದಲು ಕ್ಲಚ್ಚಿಗೆ ಕೈ ಹಾಕಿದಳು. ನಾಲ್ಕು ಸ್ಪ್ರಿಂಗು ತೆಗೆದು, ಒತ್ತುತಟ್ಟೆ ಸರಿಸಿ, ಒಳಗಿನ ದೊಡ್ಡ ನಟ್ಟನ್ನು ಎರಡು ಬೆರಳಲ್ಲಿ ಹಿಡಿದಳು.

ಎರಡೇ ಬೆರಳಿಗೆ ಅದು ತಿರುಗಿತು.

"ನೋಡ್ರಿ ಸಾಹೇಬ್ರ. ಇದನ್ನ ಬಿಗಿಯೋಕ ಗಂಡಾಳಿನ ಬಲ ಬೇಕು. ಕೈಯಾಗ ತಿರುಗಾಕತ್ತೈತಿ. ಅಡಿಯ ವಾಷರ್ ನೋಡ್ರಿ, ಹೊಸಾದು, ತುದಿ ಮಡಚಿಲ್ಲ. ಕ್ಲಚ್ ಹಿಡಿದಾಗೆಲ್ಲ ಒಳಗಿನ ಈ ಇಡೀ ಕ್ಲಚ್ಚೇ ಹೊರಗ ಬಂದು ಮುಚ್ಚಳಕ್ಕ ತಿಕ್ಕತೈತಿ, ಅದೇ ಕೂಗು. ಇಳಿಜಾರಿನಾಗ ಗೇರ್ ಇಳಿಸಾಕ ಹೋಗ್ಯಾರ, ಪೂರಾ ಸಡಿಲಾಗಿ ಕಚ್ಚಿಕೊಂಡೈತಿ. ಹಿಂದಿನ ಚಕ್ರ ನಿಂತೈತಿ." ಅವಳು ನಟ್ಟಿನಿಂದ ಬೆರಳು ತೆಗೆದಳು. "ಪಾಪ, ದಿನಕರ ಹೆಗಡೇರಿಗೆ ಏನಾತಂತ ತಿಳಿಯೋದ್ರಾಗ ರಸ್ತಿ ಮ್ಯಾಲ ಬಿದ್ದಾರ."

"ನೀವು ಹಾಕಿದ ವಾಷರ್ ಅಲ್ಲವಾ ಇದು?"

"ನಾ ಹಾಕಿದ್ದು ಮಡಚಿದ್ದು. ಒಮ್ಮೆ ಮಡಚಿದ್ದನ್ನ ತೆಗೆದ್ರ ತುದಿ ಮುರೀತೈತಿ. ಅದಕ್ಕ ಹೊಸಾದು ತಂದಾರ." ಹೆಮ್ಮೆಯಿಂದ ಅವಳ ಬೆನ್ನು ನೆಟ್ಟಗಾಯಿತು. "ಈಗ ಗೆರಿ ನೋಡೂಣು."

ಮುಚ್ಚಳ ಎತ್ತಿ, ಒಳಮೈಯ ಎಣ್ಣೆ ಒರೆಸಿ, ಬೆಳಕಿಗೆ ಹಿಡಿದಳು.

ಮೇಲಂಚಿನಲ್ಲಿ ಅವಳ ಮೂರು ಗೆರೆ ಇದ್ದವು. ಎಂಟು ದಿನದ ಎಣ್ಣೆ ಕುಡಿದು ಮಂಕಾಗಿದ್ದವು.

ಅವುಗಳ ಕೆಳಗೆ, ಹೊಳೆಯುತ್ತ, ಇನ್ನಷ್ಟು ಹೊಸ ಗೆರೆ.

ಗಂಗಾಂಬಿಕಾ ಮುಚ್ಚಳವನ್ನು ಬೆಳಕಿಗೆ ಇನ್ನಷ್ಟು ಓರೆ ಮಾಡಿದಳು. ಅವಳ ಗೆರೆಗಳು ಎಡದಲ್ಲಿ ಆಳ, ಬಲಕ್ಕೆ ಹೋದಂತೆ ತೆಳು. ಹೊಸವು ಬಲದಲ್ಲಿ ಆಳ, ಎಡಕ್ಕೆ ತೆಳು. ಹಾಗೆ ಗೀರುವ ಕೈ ಲೋಕದಲ್ಲಿ ಒಂದೇ. ಶಿವಲಿಂಗಪ್ಪ ಎಷ್ಟು ಹೊಡೆದರೂ ಬಲಗೈಗೆ ಬಾರದ ಕೈ. ಅವಳ ತಮ್ಮ ಚನ್ನಬಸವನದು.

ಎರಡು ವರ್ಷದ ಹಿಂದೆ ಇದೇ ಬೆಂಚಿನ ಎದುರು, ಮೂರನೇ ಗೆರೆ ಎಳೆಯುವುದನ್ನು ಅವನು ಒಂದು ಸಲ ಮರೆತಿದ್ದ. ಹತ್ತು ಗಿರಾಕಿಗಳ ಮುಂದೆ "ಅಪ್ಪನ ಹೆಸರು ತೆಗಿಯಾಕ ಹುಟ್ಟೀ ಏನ್?" ಅಂದಿದ್ದಳು. ಅವತ್ತೇ ಸ್ಪ್ಯಾನರ್ ಚೀಲ ಎತ್ತಿಕೊಂಡು ಯಲ್ಲಾಪುರಕ್ಕೆ ಹೋಗಿ ಬೇರೆ ಗ್ಯಾರೇಜು ಹಾಕಿದ. ಅವ್ವ ಪಾರ್ವತವ್ವ ಅವನ ಹಿಂದೆ ಹೋದಳು. ಮಂಗಳವಾರ ಸಂಜೆ, ಮನಸ್ಸು ತಡೆಯದೆ, ಗಂಗಾಂಬಿಕಾ ಅವನಿಗೆ ಒಂದು ಸಲ ಫೋನು ಮಾಡಿದ್ದಳು. ಎತ್ತಲಿಲ್ಲ. ಎರಡನೇ ಸಲ ಮಾಡಲು ಬಿಂಕ ಬಿಡಲಿಲ್ಲ.

"ಏನಾಯ್ತು ಗಂಗಕ್ಕ?" ಪ್ರಮೋದ ಕೇಳಿದ. "ಯಾರ ಗುರುತು?"

ಅವಳು ಹೊಸ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು.

ಕುರ್ಚಿಯಿಂದ ಮನೋಹರ ಹೆಗಡೆ ಎದ್ದರು. "ಹೇಳು ಗಂಗವ್ವ. ಯಾರೇ ಇರಲಿ ಅಂತ ಸಹಿ ಹಾಕಿದ್ದೀಯಲ್ಲ. ಆ ಎಡಗೈ ಗೆರೆ ಯಾರದು ಅಂತ ಪೊಲೀಸರೆದುರು ಹೇಳು. ಇಲ್ಲವಾದರೆ ಮುಚ್ಚಳ ಮುಚ್ಚಿಬಿಡು, ಸರ್ವಿಸ್ ತಪ್ಪು ಅಂತ ಬರೆಸು. ನಿಂಗೂ ಒಳ್ಳೇದು, ನಿನ್ನ ಮನೆಗೂ ಒಳ್ಳೇದು."

ಇದಕ್ಕೇ ಕೂತಿದ್ದು ಈ ಮನುಷ್ಯ. ತಮ್ಮನ ಹೆಸರು ಹೇಳಲಾರದೆ ಅಕ್ಕ ತಪ್ಪು ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ ಅನ್ನುವ ಲೆಕ್ಕ. ಲೆಕ್ಕವೇನೋ ಚೆನ್ನಾಗಿತ್ತು, ಬಾಯಿ ಕೈಕೊಟ್ಟಿತು.

"ಹೆಗಡೇರೆ," ಗಂಗಾಂಬಿಕಾ ನಿಧಾನ ತಿರುಗಿದಳು. "ಎಡಗೈ ಅಂತ ನಾ ಹೇಳಲಿಲ್ಲ. ಸಾಹೇಬ್ರೂ ಹೇಳಲಿಲ್ಲ. ಗೀರೋವಾಗ ನೋಡಿದವರಿಗಷ್ಟೇ ಅದು ಗೊತ್ತು."

ಪ್ರಮೋದನ ಮೊಬೈಲು ಮುಚ್ಚಳದಿಂದ ಮೇಲೆದ್ದು ಹೆಗಡೆಯವರ ಮುಖಕ್ಕೆ ತಿರುಗಿತು.

"ಬರಕೊಳ್ರಿ ಸಾಹೇಬ್ರ. ಇದು ಚನ್ನಬಸವ ಶಿವಲಿಂಗಪ್ಪನ ಗುರುತು. ನನ್ನ ಒಡಹುಟ್ಟಿದ ತಮ್ಮ." ಹೇಳುವಾಗ ಕಣ್ಣು ತುಂಬಿತು, ಆದರೆ ತಲೆ ತಗ್ಗಲಿಲ್ಲ. "ನಮ್ಮ ಮನಿಯವರು ಏನು ಮಾಡಿದ್ರೂ ಕೆಳಗ ಗುರುತು ಹಾಕತಾರ. ಕದ್ದು ಮಾಡೋದಿಲ್ಲ. ಇನ್ನೊಂದು ಬರಕೊಳ್ರಿ. ಹೊಸ ಗೆರಿ ಎಷ್ಟದಾವ, ಎಣಸ್ರಿ."

ಪ್ರಮೋದ ಬಗ್ಗಿ ನೋಡಿದ. "ಎರಡು."

"ಎರಡು. ಬಿಚ್ಚಿದ್ದು ನನ್ನ ತಮ್ಮ. ಮುಚ್ಚಿದ್ದು ಅವನಲ್ಲ."

"ಮರೆತಿರಬಹುದಲ್ಲ ಗಂಗಕ್ಕ?"

"ಒಮ್ಮೆ ಮರೆತಿದ್ದ. ಅದಕ್ಕಾಗಿ ಎರಡು ವರ್ಷ ನನ್ನ ಮಾರಿ ನೋಡಿಲ್ಲ. ಅಂಥಾವ ಇನ್ನೊಮ್ಮೆ ಮರೀತಾನೇನ್ರಿ? ಮತ್ತ ಆ ಬೋಲ್ಟು ನೋಡ್ರಿ. ಚನ್ನ್ಯಾ ಕೈ ಕಡಕೊಂಡಾನು, ಪಕ್ಕಡ್ ಹಾಕಾಂವಲ್ಲ. ಅರ್ಧ ಕೆಲಸದಾಗ ಅವನ ಕೈಯಿಂದ ಎಂಜಿನ್ ಕಸಗೊಂಡಾರ. ನಟ್ಟು ಬಿಗಿಯೂದರೊಳಗ ಯಾರೋ ಮುಚ್ಯಾರ, ಎಣ್ಣಿ ಸುರದಾರ." ಅವಳು ಮನೋಹರ ಹೆಗಡೆಯವರ ಎದುರು ಹೋಗಿ ನಿಂತಳು. "ನನ್ನ ತಮ್ಮ ನಿಮ್ಮ ಅಂಗಳದಾಗ ಕೂತು ಬಿಚ್ಚಿದ್ದು ನೀವು ನೋಡೀರಿ. ಆಮ್ಯಾಲ ಏನಾತು?"

"ನಾನು ವಕೀಲರ ಹತ್ತಿರ ಮಾತಾಡಿ ಹೇಳ್ತೇನೆ," ಅಂದರು ಮನೋಹರ ಹೆಗಡೆ. ಕಾರಿನ ಕೀಲಿ ತೆಗೆದು ಬಾಗಿಲ ಕಡೆ ಹೆಜ್ಜೆಯಿಟ್ಟರು.

"ಕೀಲಿ ಈ ಕಡೆ ಕೊಡಿ," ಅಂದ ಪ್ರಮೋದ.

ಗಂಗಾಂಬಿಕಾ ಆಗಲೇ ಫೋನು ಕಿವಿಗಿಟ್ಟಿದ್ದಳು. ಚನ್ನಬಸವನ ನಂಬರು ಸ್ವಿಚ್ ಆಫ್. ಕೈ ತಾನಾಗಿ ಇನ್ನೊಂದು ನಂಬರು ಒತ್ತಿತು, ಎರಡು ವರ್ಷದಿಂದ ಹಬ್ಬಕ್ಕಷ್ಟೇ ಒತ್ತುತ್ತಿದ್ದ ಯಲ್ಲಾಪುರದ ಮನೆಯದು.

ಎರಡೇ ರಿಂಗಿಗೆ ಪಾರ್ವತವ್ವ ಎತ್ತಿದಳು. ದನಿಯಲ್ಲಿ ಅಷ್ಟೊಂದು ಸಂತೋಷ ಮಗಳು ಕೇಳಿ ವರ್ಷಗಳಾಗಿದ್ದವು.

"ಗಂಗೀ, ನೀನೇ ಮಾಡತೀ ಅಂತ ಗೊತ್ತಿತ್ತವ್ವಾ. ಮಂಗಳವಾರ ಸಂಜಿಮುಂದ ಅವನ ಫೋನಿನಿಂದ ಮೆಸೇಜ್ ಬಂತಲ್ಲ, ಅಕ್ಕನ ಮನಿಯಾಗ ಅದೀನಿ, ನಾಕು ದಿನ ಇದ್ದು ಬರತೀನಿ ಅಂತ. ಓದಿಸಿ ಕೇಳಿ ಕಣ್ಣೀರು ಬಂತು ನನಗ. ಅಕ್ಕ ತಮ್ಮ ಮಾತಾಡಿಕೊಳ್ಳಲಿ, ನಡುವ ನಾ ಯಾಕ ಬರಲಿ ಅಂತ ಫೋನ್ ಸುದ್ದಾ ಮಾಡಲಿಲ್ಲ. ಉಂಡನೇನು? ಒಂದೀಟು ಅವನ ಕೈಯಾಗ ಕೊಡು, ದನಿ ಕೇಳತೀನಿ."